ಸ್ಪೀಕರ್ ವೈರು ಉದ್ದವಾದರೆ ದನಿ ಕೆಡುತ್ತದೆಯೇ?

ಪ್ರಶ್ನೆ: ಆಂಪ್ಲಿಫೈಯರ್ ಪಡಸಾಲೆಯಲ್ಲಿದೆ. ಒಂದು ಸ್ಪೀಕರಿಗೆ 3 ಮೀಟರ್, ಇನ್ನೊಂದಕ್ಕೆ 10 ಮೀಟರ್ ವೈರು ಬೇಕು. ಭೀಮಸೇನ ಜೋಶಿಯವರ ದನಿ ಒಂದು ಕಡೆ ತಡವಾಗಿ ಕೇಳಿಸೀತೇ?
– ಓದುಗರೊಬ್ಬರು, ಶಿರಗುಪ್ಪಿ

ಉತ್ತರ: ತಡದ ಚಿಂತೆ ಬಿಡಿ. ತಂತಿಯಲ್ಲಿ ಸಂಕೇತ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲೇ ಓಡುತ್ತದೆ. ನೀವು ಕುರ್ಚಿಯನ್ನು ಒಂದು ಗೇಣು ಸರಿಸಿದರೆ ಆಗುವ ವ್ಯತ್ಯಾಸವೇ ಅದಕ್ಕಿಂತ ಎಷ್ಟೋ ಪಾಲು ದೊಡ್ಡದು.

ನೋಡಬೇಕಾದದ್ದು ತಂತಿಯ ರೋಧ. 1.5 ಚದರ ಮಿಲಿಮೀಟರ್ ತಾಮ್ರದ ವೈರು 10 ಮೀಟರ್ ಇದ್ದರೆ, ಹೋಗಿಬರುವ ಎರಡೂ ಎಳೆ ಸೇರಿ ಸುಮಾರು 0.24 ಓಮ್. 8 ಓಮ್ ಸ್ಪೀಕರಿಗೆ ಇದು ಶೇ. 3ರಷ್ಟು, ಕಿವಿಗೆ ತಿಳಿಯದು. ಅದೇ 0.5ರ ತೆಳು ವೈರಾದರೆ 0.7 ಓಮ್ ದಾಟುತ್ತದೆ. 4 ಓಮ್ ಸ್ಪೀಕರಿನಲ್ಲಿ ಶಬ್ದ ತಗ್ಗುವುದಷ್ಟೇ ಅಲ್ಲ, ದನಿಯ ಬಣ್ಣವೂ ತುಸು ಬದಲಾಗುತ್ತದೆ.

ಹಾಗಾದರೆ ಗುಡಿಯ ಹಾರ್ನಿಗೆ ಅಷ್ಟುದ್ದದ ವೈರು ಹೇಗೆ ಎಳೆಯುತ್ತಾರೆ? ಅಲ್ಲಿ 100 ವೋಲ್ಟ್ ಲೈನ್ ಬಳಸುತ್ತಾರೆ: ವೋಲ್ಟೇಜ್ ಹೆಚ್ಚು, ಕರೆಂಟ್ ಕಡಿಮೆ, ಹಾಗಾಗಿ ನಷ್ಟವೂ ಕಡಿಮೆ. ಮನೆಯ ಸ್ಪೀಕರನ್ನು ಮಾತ್ರ ಆ ಲೈನಿಗೆ ನೇರ ಜೋಡಿಸಬೇಡಿ, ಸುಟ್ಟೀತು.

ಸಾವಿರಾರು ರೂಪಾಯಿಯ ‘ವಿಶೇಷ’ ಕೇಬಲ್ ನಿಮಗೆ ಬೇಡ. ಹುಬ್ಬಳ್ಳಿಯ ಯಾವುದೇ ಎಲೆಕ್ಟ್ರಿಕಲ್ ಅಂಗಡಿಯಲ್ಲಿ 1.5 ಅಥವಾ 2.5ರ ಅಪ್ಪಟ ತಾಮ್ರದ ವೈರು ಕೇಳಿ ತನ್ನಿ.