‘ನೇಮ್’ ಅಂತ ಹೆಸರಿಟ್ಟರೆ ಏನಾಗುತ್ತೆ?

ಜಾವಾಸ್ಕ್ರಿಪ್ಟ್‌ನಲ್ಲಿ ತರಗತಿಯ ಹಾಜರಿ ಪಟ್ಟಿ ಮಾಡಲು ಕೂತಿದ್ದೀರಿ ಅಂದುಕೊಳ್ಳಿ. ಹೆಸರುಗಳನ್ನು ಇಡಲು ಒಂದು ವೇರಿಯಬಲ್ ಬೇಕು. ಅದಕ್ಕೆ ‘ನೇಮ್’ ಅಂತ ಹೆಸರಿಡೋದು ಸಹಜ ತಾನೇ? ಯಾವ ಫಂಕ್ಷನ್ನಿನ ಒಳಗೂ ಅಲ್ಲ, ಪ್ರೋಗ್ರಾಮಿನ ಮೊದಲ ಸಾಲಿನಲ್ಲೇ ಹೀಗೆ ಬರೆಯುತ್ತೀರಿ (ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು):

ವಾರ್ ನೇಮ್ = ["ಕಮಲ", "ರಹೀಮ"];

ಈಗ ನೇಮ್[0] ಏನು ಅಂತ ಕೇಳಿ. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ‘ಕಮಲ’ ಬರಬೇಕು. ಬರುವುದು ಬರೀ ‘ಕ’! ನೇಮ್.ಲೆಂಗ್ತ್ ಕೇಳಿದರೆ 2 ಅಲ್ಲ, 8. ನಾನು ಮೊದಲ ಸಲ ಇದರಲ್ಲಿ ಸಿಕ್ಕಿಕೊಂಡಾಗ ಇಡೀ ಲ್ಯಾಬ್ ಪಿರಿಯಡ್ಡೇ ಹೋಯಿತು. ತಪ್ಪಾಗಿದೆ ಅನ್ನುವ ಸಂದೇಶವೂ ಬರಲಿಲ್ಲ ನೋಡಿ, ಕಂಪ್ಯೂಟರೇ ಕೆಟ್ಟಿದೆ ಅಂದುಕೊಂಡೆ.

ಕೆಟ್ಟಿರಲಿಲ್ಲ. ಬ್ರೌಸರಿನಲ್ಲಿ ಪುಟ ತೆರೆದ ಕೂಡಲೇ ‘ವಿಂಡೋ’ ಎಂಬ ದೊಡ್ಡ ಆಬ್ಜೆಕ್ಟ್ ಸಿದ್ಧವಾಗಿರುತ್ತದೆ. ಫಂಕ್ಷನ್ನಿನ ಹೊರಗೆ ‘ವಾರ್’ ಹಾಕಿ ಬರೆದ ವೇರಿಯಬಲ್ ನೇರ ಅದರೊಳಗೆ ಸೇರುತ್ತದೆ. ವಾರ್ ಮಾರ್ಕ್ಸ್ = 35 ಎಂದರೆ ವಿಂಡೋ.ಮಾರ್ಕ್ಸ್ ಕೂಡ 35. ವಿಂಡೋ.ಮಾರ್ಕ್ಸ್ = 40 ಎಂದು ಬದಲಿಸಿ, ಮಾರ್ಕ್ಸ್ ಸಹ 40 ಆಗುತ್ತದೆ. ಮನೆಯಲ್ಲಿ ಪುಟ್ಟ, ಹಾಜರಿ ಪುಸ್ತಕದಲ್ಲಿ ಪ್ರಶಾಂತ, ಹುಡುಗ ಒಬ್ಬನೇ.

ತೊಂದರೆ ಏನಪ್ಪಾ ಅಂದ್ರೆ, ವಿಂಡೋದಲ್ಲಿ ‘ನೇಮ್’ ಎಂಬುದು ಮೊದಲೇ ಇದೆ. ಅದು ಆ ಟ್ಯಾಬಿನ ಹೆಸರು. ಲಿಂಕ್ ಒತ್ತಿದಾಗ ಪುಟ ಯಾವ ಟ್ಯಾಬಿನಲ್ಲಿ ತೆರೆಯಬೇಕು ಅಂತ ಹೇಳಲು ಬಳಸುತ್ತಾರೆ. ಅಲ್ಲಿ ಏನೇ ಇಟ್ಟರೂ ಬ್ರೌಸರು ಅದನ್ನು ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು, ಮಾಡಿಬಿಡುತ್ತದೆ. ನಿಮ್ಮ ಪಟ್ಟಿ "ಕಮಲ,ರಹೀಮ" ಆಯಿತು. ಎಣಿಸಿ: ಕ, ಮ, ಲ, ಒಂದು ಅಲ್ಪವಿರಾಮ, ರ, ಹ, ದೀರ್ಘದ ಗುರುತು, ಮ. ಎಂಟು! (ಕನ್ನಡದ ‘ಹೀ’ ನಮಗೆ ಒಂದಕ್ಷರ, ಕಂಪ್ಯೂಟರಿಗೆ ಎರಡು.)

ಬ್ರೆಂಡನ್ ಐಕ್ 1995ರಲ್ಲಿ ಈ ಭಾಷೆಯ ಮೊದಲ ರೂಪವನ್ನು ಹತ್ತೇ ದಿನದಲ್ಲಿ ಮಾಡಿದ್ದರು. ‘ವಾರ್’ನ ನಡತೆಯನ್ನು ಈಗ ತಿದ್ದಲು ಹೋದರೆ ಹಳೆಯ ವೆಬ್ ಪುಟಗಳು ಕೆಡುತ್ತವೆ. ಹಾಗಾಗಿ ಅದನ್ನು ಮುಟ್ಟದೆ, 2015ರಲ್ಲಿ ‘ಲೆಟ್’, ‘ಕಾನ್ಸ್ಟ್’ ಸೇರಿಸಿದರು. ಇವು ವಿಂಡೋದೊಳಗೆ ಹೋಗುವುದಿಲ್ಲ. ಫಂಕ್ಷನ್ನಿನ ಒಳಗೆ ಬರೆದ ‘ವಾರ್’ ಕೂಡ ಹೋಗುವುದಿಲ್ಲ.

ಮಾಡಿಯೇ ನೋಡಿ. ‘ವಾರ್’ ಅಳಿಸಿ ‘ಲೆಟ್’ ಹಾಕಿ, ಪುಟವನ್ನು ರೀಲೋಡ್ ಮಾಡಿ. ನೇಮ್[0] ಈಗ ‘ಕಮಲ’. ಹಾಗೇ ವಿಂಡೋ.ನೇಮ್ ಏನು ಅಂತಲೂ ಕೇಳಿ. "ಕಮಲ,ರಹೀಮ" ಇನ್ನೂ ಅಲ್ಲೇ ಕೂತಿರುತ್ತದೆ. ರೀಲೋಡ್ ಮಾಡಿದರೂ ಟ್ಯಾಬಿನ ಹೆಸರು ಅದೇ!