ಜಾತಿ ಗೊತ್ತಿಲ್ಲದ ನಾಯಿ

ಚೆನ್ನೈ ಪಕ್ಕದ ತಾಂಬರಂನ ಯಾವ ಬೀದಿಯಲ್ಲಾದರೂ ಸಂಜೆ ಹೊತ್ತು ನಾಯಿ ಹಿಡಿದುಕೊಂಡು ಹೊರಟವರನ್ನು ಎದುರು ಬಂದವರು ಮೊದಲು ಕೇಳುವುದು, ‘ಇದು ಎನ್ನ ಜಾದಿ?’ ಬೆಂಗಳೂರಾದರೆ ‘ಯಾವ ಜಾತಿ ನಾಯಿ ಇದು?’ ಎನ್ನುತ್ತಾರೆ. ದುಡ್ಡು ಕೊಟ್ಟು ತಂದ ತಳಿಯ ನಾಯಿಗೆ ಎರಡೂ ಭಾಷೆಗಳಲ್ಲಿ ‘ಜಾತಿ ನಾಯಿ’ ಎಂದೇ ಹೆಸರು. ಮಿಕ್ಕವೆಲ್ಲ ತಮಿಳಿನಲ್ಲಿ ತೆರು ನಾಯ್, ಕನ್ನಡದಲ್ಲಿ ಕಂತ್ರಿ ನಾಯಿ. ‘ಕಂಟ್ರಿ’ ಎಂಬ ಇಂಗ್ಲಿಷ್ ಶಬ್ದವೇ ನಮ್ಮ ಬಾಯಲ್ಲಿ ಕಂತ್ರಿಯಾದದ್ದು. ಈ ನಾಡಿನದು ಎಂಬ ಅರ್ಥ ಹೊತ್ತು ಬಂದ ಮಾತು ಕೊನೆಗೆ ಬೈಗುಳವಾಗಿ ನಿಂತಿತು. ಪಶುವೈದ್ಯರು ಬರೆಯುವಾಗ ತಳಿಯ ಮುಂದೆ ‘ಎನ್‌ಡಿ’ ಎಂದು ಎರಡಕ್ಷರ ಹಾಕುತ್ತಾರೆ. ನಾನ್‌ಡಿಸ್ಕ್ರಿಪ್ಟ್, ಅಂದರೆ ಇಂಥದೆಂದು ಹೇಳಲು ಬಾರದ್ದು.

ನಾಯಿ ಸಾಕಬೇಕೆಂಬ ಮನಸ್ಸಿದ್ದವರನ್ನೂ ಹಿಂದಕ್ಕೆ ಎಳೆಯುವುದು ಈ ಎರಡಕ್ಷರವೇ. ಅಪ್ಪ ಯಾರೋ, ಅಮ್ಮ ಯಾರೋ. ಬೆಳೆದರೆ ಎಷ್ಟೆತ್ತರ ಆದೀತು, ಮಕ್ಕಳನ್ನು ಕಚ್ಚೀತೇ, ರೋಗ ಇದ್ದೀತೇ? ಕೇಳಬೇಕಾದ ಪ್ರಶ್ನೆಗಳೇ. ಆದರೆ ಇವುಗಳ ಉತ್ತರವನ್ನು ಜಾತಿಯಲ್ಲಿ ಹುಡುಕಿದರೆ ಸಿಗುವುದು ಬಹಳ ಕಡಿಮೆ.

ಬೀದಿಯ ಮರಿಯೊಂದು ಸಣಕಲಾಗಿ, ಉದ್ದ ಕಾಲಿನದಾಗಿದ್ದರೆ ತಮಿಳುನಾಡಿನಲ್ಲಿ ಅದನ್ನು ‘ಚಿಪ್ಪಿಪಾರೈ ಕ್ರಾಸ್’ ಎನ್ನುತ್ತಾರೆ. ಬಿಳಿ ಮೈ, ಗುಲಾಬಿ ಮೂಗು ಇದ್ದರೆ ರಾಜಪಾಳಯಂ. ಕಿವಿ ಜೋತಿದ್ದರೆ ಲ್ಯಾಬ್ರಡಾರ್. ಈ ಕಣ್ಣಳತೆ ಎಷ್ಟು ಸರಿ ಎಂದು ಕ್ಯಾಲಿಫೋರ್ನಿಯಾದ ಪಶುವೈದ್ಯೆ ವಿಕ್ಟೋರಿಯಾ ವೋಯ್ತ್ ಮತ್ತು ಸಂಗಡಿಗರು 2009ರಲ್ಲಿ ಪರೀಕ್ಷಿಸಿ ನೋಡಿದರು. ದತ್ತು ಹೋದ 20 ಬೆರಕೆ ನಾಯಿಗಳಿಗೆ ದತ್ತು ಕೊಟ್ಟ ಸಂಸ್ಥೆಗಳು ಹೇಳಿದ್ದ ತಳಿಯನ್ನು ಡಿಎನ್‌ಎ ಜೊತೆ ಇಟ್ಟು ನೋಡಿದರೆ ಬಹುಪಾಲು ತಾಳೆಯಾಗಲೇ ಇಲ್ಲ. ದಿನವೂ ನಾಯಿಗಳ ನಡುವೆ ಇರುವವರ ಊಹೆಯೇ ಹೀಗಾದರೆ ದಾರಿಹೋಕರ ಊಹೆಯ ಮಾತೇನು!

ಇದಕ್ಕೆ ಕಾರಣವೂ ಇದೆ. ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ಅಮೆರಿಕದ ವಿಜ್ಞಾನಿಗಳು ಆಫ್ರಿಕಾದ ಬಸೆಂಜಿ ನಾಯಿಯನ್ನು ಕಾಕರ್ ಸ್ಪ್ಯಾನಿಯಲ್ ಜೊತೆ ಕೂಡಿಸಿ, ಮರಿಗಳನ್ನೂ ಮರಿಗಳ ಮರಿಗಳನ್ನೂ ವರ್ಷಗಟ್ಟಲೆ ಗಮನಿಸಿ 1965ರಲ್ಲಿ ಪುಸ್ತಕ ಬರೆದರು. ಮೊಮ್ಮಕ್ಕಳ ಕಾಲಕ್ಕೆ ಬಂದಾಗ ಎಷ್ಟೋ ಮರಿಗಳು ಅಜ್ಜ ಅಜ್ಜಿ ಇಬ್ಬರನ್ನೂ ಹೋಲುತ್ತಿರಲಿಲ್ಲ. ಬೀದಿಯಲ್ಲಂತೂ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರು ಇರಬಹುದು. ಒಂದು ಕಂದು, ಒಂದು ಕಪ್ಪು, ಒಂದರ ಕಿವಿ ನೆಟ್ಟಗೆ, ಇನ್ನೊಂದರದು ಜೋಲು.

ಸ್ವಭಾವದ ಮಾತು ಬಂದರೆ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವನ್ನು ನೆನೆಯಬೇಕು. 18,000ಕ್ಕೂ ಹೆಚ್ಚು ನಾಯಿಗಳ ಮಾಲೀಕರನ್ನು ಪ್ರಶ್ನಿಸಿ, 2,155 ನಾಯಿಗಳ ಡಿಎನ್‌ಎ ಓದಿ ನೋಡಿದಾಗ, ಒಂದು ನಾಯಿಗೂ ಇನ್ನೊಂದಕ್ಕೂ ನಡವಳಿಕೆಯಲ್ಲಿ ಇರುವ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ. 9 ಮಾತ್ರ ಎಂದು ಕಂಡಿತು. ಲ್ಯಾಬ್ರಡಾರ್ ಸಾಧು, ಕಂತ್ರಿ ಕಚ್ಚುತ್ತದೆ ಎಂದು ಮೊದಲೇ ತೀರ್ಪು ಕೊಡುವವರಿಗೆ ಈ ಅಂಕಿ ಸಾಕು.

ಹಾಗೆ ನೋಡಿದರೆ ಲೋಕದ ಅತಿ ಪ್ರಸಿದ್ಧ ನಾಯಿಯೇ ಬೀದಿಯದು. 1957ರ ನವೆಂಬರ್ 3ರಂದು ಸ್ಪುಟ್ನಿಕ್-2ರಲ್ಲಿ ಭೂಮಿಯನ್ನು ಸುತ್ತಿದ ಲೈಕಾ ಮಾಸ್ಕೋದ ಬೀದಿಯಲ್ಲಿ ಹಿಡಿದು ತಂದ ಬೆರಕೆ ಹೆಣ್ಣು ನಾಯಿ. ಚಳಿ, ಹಸಿವು ತಡೆದು ಬದುಕಿದ್ದು ಎಂದೇ ವಿಜ್ಞಾನಿಗಳು ಅಂಥದನ್ನು ಆರಿಸಿದರು. ಆ ಪಾಪದ ಜೀವ ಅಲ್ಲಿಂದ ಹಿಂದಿರುಗಲಿಲ್ಲ. ನಮ್ಮದೇ ನಾಡಿನ ಕಾಳಿಯ ಕತೆ ಇನ್ನೂ ಹಳೆಯದು. ಅರಕ್ಕೋಣದ ಹತ್ತಿರದ ತಕ್ಕೋಲದಲ್ಲಿ 949ರಲ್ಲಿ ರಾಷ್ಟ್ರಕೂಟರೂ ಗಂಗರೂ ಚೋಳರನ್ನು ಸೋಲಿಸಿದರು. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರ ಎಂಬ ವೀರ ಒಡೆಯನಿಂದ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ಕಾಡುಹಂದಿಯೊಡನೆ ಹೋರಾಡಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಅದಕ್ಕೆ ನಿಲ್ಲಿಸಿದ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷ ದಾಟಿ ಉಳಿದದ್ದು ನಾಯಿಯ ಹೆಸರು, ಅದು ಮಾಡಿದ ಕೆಲಸ.

ತಾಂಬರಂಗೆ ಮರಳೋಣ. ಜಿಎಸ್‌ಟಿ (ಗ್ರ್ಯಾಂಡ್ ಸದರ್ನ್ ಟ್ರಂಕ್) ರಸ್ತೆಯೂ ರೈಲು ಹಳಿಯೂ ಸೀಳಿದ ಊರು ಇದು. ಪೂರ್ವಕ್ಕೆ 1937ರಲ್ಲಿ ಇಲ್ಲಿಗೆ ಬಂದ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಕುರುಚಲು ಕಾಡು, ವಾಯುಪಡೆಯ ನೆಲೆ. ಪಶ್ಚಿಮಕ್ಕೆ ಮುಡಿಚೂರು ಕಡೆ ಹಬ್ಬಿದ ಬಡಾವಣೆಗಳು. ಐದು ನಗರಸಭೆ, ಐದು ಪಟ್ಟಣ ಪಂಚಾಯಿತಿ ಸೇರಿ 2021ರಲ್ಲಿ ತಾಂಬರಂ ಮಹಾನಗರ ಪಾಲಿಕೆಯಾಯಿತು. ಮನೆ ಕಟ್ಟುವ ಕಡೆಯೆಲ್ಲ ಮರಳಿನ ರಾಶಿ, ಮರಳಿನ ರಾಶಿಯ ಮೇಲೆ ನಾಯಿ.

ಬೀದಿನಾಯಿಗಳು ಹೆಚ್ಚಾಗಿ ಮರಿ ಹಾಕುವುದು ವರ್ಷದ ಕೊನೆಯ ತಿಂಗಳುಗಳಲ್ಲಿ, ಚಳಿಗಾಲಕ್ಕೆ ಹೊಂದಿಕೊಂಡು. ಚೆನ್ನೈ ಸೀಮೆಯಲ್ಲಿ ಅದೇ ಹೊತ್ತಿಗೆ ಹಿಂಗಾರಿನ ಮಳೆ ಸುರಿಯುತ್ತದೆ. 2015ರ ಡಿಸೆಂಬರಿನಲ್ಲಿ ಅಡಯಾರ್ ನದಿ ಉಕ್ಕಿ ಮುಡಿಚೂರು, ವರದರಾಜಪುರಂ ಮುಳುಗಿದ್ದನ್ನು ಇಲ್ಲಿನವರು ಮರೆತಿಲ್ಲ. ಕಣ್ಣು ಬಿಡದ ಮರಿಗಳ ಪಾಲಿಗೆ ಸಾಧಾರಣ ಮಳೆಯೇ ನೆರೆ. ಕೋಲ್ಕತ್ತಾದ ಐಸರ್ ಸಂಸ್ಥೆಯ ಅನಿಂದಿತಾ ಭದ್ರಾ ಅವರ ತಂಡ ಪಶ್ಚಿಮ ಬಂಗಾಳದಲ್ಲಿ 95 ಸೂಲುಗಳ 364 ಮರಿಗಳ ಜಾಡು ಹಿಡಿದು 2016ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಮರಿ ಹಾಕುವ ವಯಸ್ಸಿನವರೆಗೆ ಬದುಕಿ ಉಳಿದದ್ದು ನೂರಕ್ಕೆ 19. ಸಾವುಗಳಲ್ಲಿ ಶೇ. 63ಕ್ಕೆ ಮನುಷ್ಯರೇ ಒಂದಲ್ಲ ಒಂದು ಬಗೆಯಲ್ಲಿ ಕಾರಣ. ಬೀದಿಯ ಮರಿ ‘ಹೇಗೋ ಬದುಕಿಕೊಳ್ಳುತ್ತದೆ’ ಎನ್ನುವ ಮಾತನ್ನು ಇನ್ನಾದರೂ ಬಿಡಬೇಕು.

ಚೆನ್ನೈನಲ್ಲಿ ಈ ಮಾತನ್ನು ಬಿಟ್ಟವರಲ್ಲಿ ಮೊದಲಿಗರು ಒಬ್ಬ ವಿಮಾನ ಚಾಲಕ. ಕ್ಯಾಪ್ಟನ್ ವಿ. ಸುಂದರಂ ಕನ್ನಡ ನಾಡಿಗೂ ಬೇಕಾದವರು. ಬೆಂಗಳೂರಿನ ಜಕ್ಕೂರಿನ ವಿಮಾನ ತರಬೇತಿ ಶಾಲೆಯನ್ನು ಮೊದಲ ದಿನಗಳಲ್ಲಿ ನಡೆಸಿದವರು. ಹೆಂಡತಿ ಉಷಾ ಅದೇ ಶಾಲೆಯಿಂದ 1949ರಲ್ಲಿ ಹೊರಬಂದ ಪೈಲಟ್. 1959ರಲ್ಲಿ ಮದ್ರಾಸಿನ ತ್ಯಾಗರಾಯನಗರದಲ್ಲಿ ಮಳೆನೀರು ತುಂಬಿದ ರಸ್ತೆಯಲ್ಲಿ ಒದ್ದಾಡುತ್ತಿದ್ದ ಎರಡು ಮರಿಗಳನ್ನು ಸುಂದರಂ ಎತ್ತಿ ಮನೆಗೆ ತಂದರು. ಬ್ಲೂ ಕ್ರಾಸ್ ಆಫ್ ಇಂಡಿಯಾ ಶುರುವಾದದ್ದು ಹಾಗೆ. ಆಗ ಊರಿನ ಪಾಲಿಕೆ ಬೀದಿನಾಯಿಗಳನ್ನು ಹಿಡಿದು ಕೊಲ್ಲುತ್ತಿತ್ತು. 1860ರಿಂದಲೂ ಅದೇ ಪದ್ಧತಿ. ಕೊಂದು ಕೊಂದು ಸಂಖ್ಯೆಯೇನೂ ಇಳಿಯಲಿಲ್ಲ. ಸಂತಾನಶಕ್ತಿ ಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಿ ಎಂದು ಬ್ಲೂ ಕ್ರಾಸ್ 1964ರಿಂದ ಹೇಳಿತು. ಸುಂದರಂ ಅವರ ಮಗ ಚಿನ್ನಿ ಕೃಷ್ಣ ಅದನ್ನೇ ಹಿಡಿದು ಹೋರಾಡಿದರು. ಪಾಲಿಕೆ ಒಪ್ಪಿದ್ದು 1996ರಲ್ಲಿ. ಮುಂದೆ 2001ರಲ್ಲಿ ಅದೇ ವಿಧಾನ ದೇಶದ ನಿಯಮವಾಯಿತು, 2023ರಲ್ಲಿ ಹೊಸ ರೂಪದಲ್ಲಿ ಬಂತು. ಬೀದಿಯಲ್ಲಿ ಕಾಣುವ ನಾಯಿಯ ಕಿವಿಯಂಚು ಕತ್ತರಿಸಿದ್ದರೆ ಅದಕ್ಕೆ ಶಸ್ತ್ರಚಿಕಿತ್ಸೆ ಆಗಿದೆ ಎಂದರ್ಥ. ಕೆಲಸ ಮಾತ್ರ ಮುಗಿದಿಲ್ಲ. 2024ರ ಗಣತಿಯಲ್ಲಿ ಚೆನ್ನೈ ಪಾಲಿಕೆಯ ವ್ಯಾಪ್ತಿಯೊಂದರಲ್ಲೇ ಸುಮಾರು 1.8 ಲಕ್ಷ ಬೀದಿನಾಯಿಗಳಿದ್ದವು.

ಮನೆಗೆ ತರುವವರಿಗೆ ಮೊದಲ ಮಾತು ವಯಸ್ಸಿನದು. ಎಂಟು ವಾರಕ್ಕೆ ಮುಂಚೆ ತಾಯಿಯಿಂದ ಮರಿಯನ್ನು ಬಿಡಿಸಬಾರದು. ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗೆ ಮರಿ ಲೋಕವನ್ನು ಕಲಿಯುವ ಕಾಲ. ಆಗ ಮಕ್ಕಳು, ಮುದುಕರು, ಮಿಕ್ಸಿಯ ಸದ್ದು, ಲಿಫ್ಟು, ಸ್ಕೂಟರು ಎಲ್ಲವನ್ನೂ ಹೆದರಿಸದೆ ಪರಿಚಯಿಸಿದರೆ ಮುಂದಿನ ಹತ್ತು ಹನ್ನೆರಡು ವರ್ಷ ಸುಲಭ. ಅಪ್ಪ ಯಾರೆಂದು ಹುಡುಕುವ ಶ್ರಮವನ್ನು ಮರಿ ಮನೆಗೆ ಬಂದ ಮೇಲೆ ಉಳಿಯುವ ಆರು ವಾರಕ್ಕೆ ಕೊಟ್ಟರೆ ಸಿಗುವ ಫಲ ದೊಡ್ಡದು. ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ವೈದ್ಯರು ಹಲ್ಲು ನೋಡಿ ಹೇಳುತ್ತಾರೆ. ನಾಲ್ಕನೆಯ ತಿಂಗಳಿಗೆ ಹಾಲುಹಲ್ಲು ಉದುರತೊಡಗಿ ಏಳನೆಯ ತಿಂಗಳ ಹೊತ್ತಿಗೆ ಹೊಸ ಹಲ್ಲು ತುಂಬಿರುತ್ತವೆ.

ಪಾರ್ವೊ, ಡಿಸ್ಟೆಂಪರ್ ಲಸಿಕೆ ಆರರಿಂದ ಎಂಟನೆಯ ವಾರಕ್ಕೆ ಶುರು. ಕೆಲವು ವಾರಗಳ ಅಂತರದಲ್ಲಿ ಮತ್ತೆ ಹಾಕಿಸಬೇಕು. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ವೈದ್ಯರು ಹೇಳಿದಂತೆ ತಪ್ಪದೆ. ಲಸಿಕೆ ಆಗದ ಮರಿ ಆಟದಲ್ಲಿ ಹಲ್ಲು ತಾಗಿಸಿದರೂ ಉದಾಸೀನ ಬೇಡ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ರೇಬೀಸ್ ಲಕ್ಷಣ ಕಂಡ ಮೇಲೆ ಮದ್ದಿಲ್ಲ. ಕರಾವಳಿಯ ಸೆಕೆಯಲ್ಲಿ ಉಣ್ಣೆ ಬಿಡುವಿಲ್ಲದೆ ಹತ್ತುತ್ತದೆ. ಅದು ತರುವ ಜ್ವರಕ್ಕೆ ರಕ್ತ ಕಡಿಮೆಯಾಗಿ ನಾಯಿ ಸಾಯಬಹುದು. ಊಟ ಬಿಟ್ಟು ಮಂಕಾಗಿ ಕೂತರೆ ರಕ್ತ ಪರೀಕ್ಷೆ ಮಾಡಿಸಬೇಕು.

ಬೆಳೆದ ನಾಯಿಯನ್ನು ತಂದವರಿಗೆ ತಾಳ್ಮೆ ಹೆಚ್ಚು ಬೇಕು. ಬೀದಿಯಲ್ಲಿ ವರ್ಷಗಟ್ಟಲೆ ಸ್ವತಂತ್ರವಾಗಿದ್ದದ್ದು ಮೂರನೆಯ ಮಹಡಿಯ ಮನೆಗೆ ಒಗ್ಗದಿರಬಹುದು. ಒಗ್ಗದ್ದನ್ನು ಬಲವಂತವಾಗಿ ಕೂಡಿಹಾಕುವುದು ದಯೆಯಲ್ಲ. ಒಗ್ಗುವಂಥವೂ ಬೇಕಾದಷ್ಟಿವೆ. ಭದ್ರಾ ಅವರ ತಂಡ 2017ರಲ್ಲಿ ತೋರಿಸಿದಂತೆ, ಗುರುತಿಲ್ಲದ ಮನುಷ್ಯರನ್ನು ನಂಬಲು ಬೀದಿನಾಯಿಗೆ ತಿಂಡಿಗಿಂತ ಮೈದಡವುವ ಕೈಯೇ ಹೆಚ್ಚು ನೆರವಾಗುತ್ತದೆ. ಮೊದಲ ವಾರಗಳಲ್ಲಿ ಬಾಗಿಲು ತೆರೆದಿಡಬಾರದು. ದೀಪಾವಳಿಯ ಪಟಾಕಿಗೆ ಹೆದರಿ ಹಗ್ಗ ಕಿತ್ತು ಓಡಿದ ನಾಯಿ ಮತ್ತೆ ಸಿಗುವುದು ಕಷ್ಟ.

ನಾಯಿ ಸಾಕುವುದನ್ನು ಅಪಾರ್ಟ್‌ಮೆಂಟ್ ಸಂಘ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ದೆಹಲಿಯ ಬೀದಿನಾಯಿಗಳ ವಿಚಾರದಲ್ಲಿ ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಕೊಟ್ಟ ಆದೇಶದಲ್ಲಿ ದತ್ತಿನ ಮಾತೂ ಇದೆ. ಇಷ್ಟವಿದ್ದವರು ಪಾಲಿಕೆಗೆ ಅರ್ಜಿ ಕೊಟ್ಟು ಬೀದಿನಾಯಿಯನ್ನು ದತ್ತು ಪಡೆಯಬಹುದು. ಹಾಗೆ ಪಡೆದ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆ ಅವರದೇ. ನಾಯಿಯನ್ನು ತರುವ ಮುಂಚೆಯೇ ಈ ಕೊನೆಯ ಮಾತನ್ನು ಮನೆಮಂದಿಯೆಲ್ಲ ಕೂತು ಯೋಚಿಸಬೇಕು. ವರ್ಗವಾದರೆ, ಊರಿಗೆ ಹೋದರೆ, ಮಗು ಹುಟ್ಟಿದರೆ ನಾಯಿಯನ್ನು ನೋಡುವವರು ಯಾರು?

2022ರಲ್ಲಿ ‘777 ಚಾರ್ಲಿ’ ನೋಡಿ ಕಣ್ಣೀರಿಟ್ಟವರು ಲಕ್ಷಾಂತರ ಮಂದಿ. ಆ ಚಿತ್ರದ ಚಾರ್ಲಿ ‘ಜಾತಿ ನಾಯಿ’ಯೇ, ಲಾಭಕ್ಕಾಗಿ ರಕ್ತಸಂಬಂಧದಲ್ಲೇ ಮರಿ ಮಾಡಿಸುವವರ ಕೈಯಲ್ಲಿ ಹುಟ್ಟಿದ್ದರ ಫಲವನ್ನು ಅದು ಕ್ಯಾನ್ಸರ್ ಆಗಿ ಉಂಡಿತು. ನಾಯಿ ಬೇಕೆನಿಸಿದವರು ಅಂಗಡಿಗೆ ಮುಂಗಡ ಕೊಡುವ ಮುನ್ನ ಚೆನ್ನೈನಲ್ಲಿದ್ದರೆ ಗಿಂಡಿಯ ಬ್ಲೂ ಕ್ರಾಸ್‌ಗೆ, ಬೆಂಗಳೂರಿನಲ್ಲಿದ್ದರೆ ಕ್ಯೂಪಾ ಎಂಬ ಪ್ರಾಣಿ ಕಲ್ಯಾಣ ಸಂಸ್ಥೆಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿಯೂ ಗಂಡು ಮರಿಗಳಿಗೆ ಮನೆ ಬೇಗ ಸಿಗುತ್ತದೆ. ಹೆಣ್ಣು ಮರಿಗಳು, ಕಪ್ಪು ಮೈಯವು, ವಯಸ್ಸಾದವು ಉಳಿಯುತ್ತವೆ. ಅವುಗಳಲ್ಲೊಂದನ್ನು ಕೇಳಿ.