ದಹನ ನಳಿಕೆಯ ಬೂದಿ ತೆರವು

ದಹನ ನಳಿಕೆಯ ಬೂದಿ ತೆರವು ಎಂಬುದು ಧಾತು ವಿಶ್ಲೇಷಕ ಉಪಕರಣದ ಕುಲುಮೆಯಲ್ಲಿರುವ ಕ್ವಾರ್ಟ್ಸ್ ನಳಿಕೆಯೊಳಗೆ ಸಂಗ್ರಹವಾಗುವ ಘನ ಶೇಷವನ್ನು ಹೊರತೆಗೆಯುವ ಪ್ರಯೋಗಾಲಯ ಕಾರ್ಯ. ಮಾದರಿಯನ್ನು ಉರಿಸಿ ಅದರಲ್ಲಿನ ಇಂಗಾಲ, ಜಲಜನಕ, ಸಾರಜನಕ ಮತ್ತು ಗಂಧಕಗಳನ್ನು ಅಳೆಯುವ ಈ ಉಪಕರಣಗಳಲ್ಲಿ ಸಾರಜನಕದ ಮಾಪನವು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಜ್ಯಾಂ ಬ್ಯಾಪ್ಟಿಸ್ಟ್ ಡ್ಯೂಮಾ 19ನೆಯ ಶತಮಾನದಲ್ಲಿ ರೂಪಿಸಿದ ವಿಧಾನವನ್ನು ಆಧರಿಸಿದೆ.

ಬೂದಿಯ ಮೂಲ

ಮಾದರಿಯನ್ನು ತವರದ ತೆಳು ಕ್ಯಾಪ್ಸೂಲಿನಲ್ಲಿ ಮಡಿಚಿ, ಸುಮಾರು 900ರಿಂದ 1,000 °ಸೆ. ತಾಪದಲ್ಲಿರುವ ನಳಿಕೆಗೆ ಮೇಲಿನಿಂದ ಬೀಳಿಸಲಾಗುತ್ತದೆ. ಆಮ್ಲಜನಕದಲ್ಲಿ ತವರವೂ ಉರಿಯುವುದರಿಂದ ಆ ಸ್ಥಳದ ತಾಪವು ಕ್ಷಣಕಾಲ ಸುಮಾರು 1,800 °ಸೆ.ಗೆ ಏರುತ್ತದೆ. ಉಂಟಾದ ಅನಿಲಗಳನ್ನು ಹೀಲಿಯಂ ಮುಂದಕ್ಕೆ ಒಯ್ಯುತ್ತದೆ. ತವರದ ಆಕ್ಸೈಡ್ ಮಾತ್ರ ಅಲ್ಲಿಯೇ ಉಳಿಯುತ್ತದೆ. ಶುದ್ಧ ಸಾವಯವ ಸಂಯುಕ್ತಗಳ ಮಟ್ಟಿಗೆ ಶೇಷವೆಂದರೆ ಬಹುತೇಕ ಇಷ್ಟೇ. ಮಣ್ಣಿನ ಮಾದರಿಗಳ ವಿಷಯ ಬೇರೆ. ಶೇ. 2ರಷ್ಟು ಇಂಗಾಲವಿರುವ 20 ಮಿಲಿಗ್ರಾಂ ಮಣ್ಣಿನಲ್ಲಿ ಇಂಗಾಲದ ತೂಕ ಕೇವಲ 0.4 ಮಿಲಿಗ್ರಾಂ, ಉಳಿದುದರ ಬಹುಪಾಲು ಖನಿಜವಾಗಿದ್ದು, ನಳಿಕೆಯಲ್ಲಿಯೇ ನಿಲ್ಲುತ್ತದೆ.

ಪರಿಣಾಮಗಳು

ಬೂದಿಯನ್ನು ಕೇವಲ ಕೊಳೆಯೆಂದು ಭಾವಿಸುವುದು ಸರಿಯಲ್ಲ. ಅದರ ರಾಶಿ ಎತ್ತರವಾದಂತೆ ಹೊಸ ಮಾದರಿಯು ಕುಲುಮೆಯ ಅತ್ಯಂತ ಬಿಸಿಯಾದ ವಲಯವನ್ನು ತಲುಪದೆ ಮೇಲೆಯೇ ನಿಂತುಬಿಡುತ್ತದೆ. ಆಗ ದಹನವು ಅಪೂರ್ಣವಾಗಿ, ಒಂದು ಮಾದರಿಯ ಶೇಷವು ಮುಂದಿನದರ ಫಲಿತಾಂಶದೊಡನೆ ಬೆರೆಯಬಹುದು. ಉಪಕರಣವು ಇದನ್ನು ದೋಷವೆಂದು ಸೂಚಿಸದೆ ಅಂಕಿಗಳನ್ನು ಕೊಡುತ್ತಲೇ ಹೋಗುವುದು ಹೆಚ್ಚು ಅಪಾಯಕರ. ಸಮಸ್ಥಾನಿ ಅನುಪಾತವನ್ನು ಅಳೆಯುವ ದ್ರವ್ಯರಾಶಿ ರೋಹಿತಮಾಪಕವನ್ನು ಜೋಡಿಸಿದ್ದರೆ ತೊಡಕು ಇನ್ನೂ ಸೂಕ್ಷ್ಮವಾದುದು: ಅಪೂರ್ಣ ದಹನದಲ್ಲಿ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಹಾಗೂ ಸಾರಜನಕ ಅನಿಲ ಎರಡರ ಅಣುತೂಕವೂ 28 ಆಗಿರುವುದರಿಂದ ಮೊದಲನೆಯದು ಎರಡನೆಯದರ ಮಾಪನವನ್ನು ಕೆಡಿಸುತ್ತದೆ. ಸಾರಜನಕದ ಶೃಂಗವು ಬಾಲದಂತೆ ಉದ್ದವಾಗುವುದು, ಖಾಲಿ ಕ್ಯಾಪ್ಸೂಲಿನ ಮೌಲ್ಯ ಏರುವುದು ಮುಂತಾದವು ಮುನ್ಸೂಚನೆಗಳು.

ಮಣ್ಣು ಮತ್ತು ಸಸ್ಯಗಳಲ್ಲಿರುವ ಕ್ಷಾರ ಲೋಹಗಳು ಬಿಸಿ ಕ್ವಾರ್ಟ್ಸನ್ನು ಸ್ಫಟಿಕೀಕರಿಸಿ ಬಿಳಿಚಿಸುತ್ತವೆ. ಅಂಥ ನಳಿಕೆಯು ತಣಿಯುವಾಗ ಸೀಳುತ್ತದೆ.

ತೆರವಿನ ಕ್ರಮ

ಅನೇಕ ಪ್ರಯೋಗಾಲಯಗಳು ನಳಿಕೆಯ ಮೇಲ್ಭಾಗದಲ್ಲಿ ಕ್ವಾರ್ಟ್ಸಿನ ಕಿರುಪಾತ್ರೆಯೊಂದನ್ನು ಇರಿಸುತ್ತವೆ. ಬೂದಿ ಅದರಲ್ಲಿಯೇ ನಿಲ್ಲುವುದರಿಂದ, ಕೆಳಗಿನ ಉತ್ಕರ್ಷಕ ಪದರಗಳನ್ನು ಕದಲಿಸದೆ ಪಾತ್ರೆಯನ್ನಷ್ಟೇ ಬದಲಿಸಬಹುದು. ಈ ಪಾತ್ರೆಯಿಲ್ಲದ ನಳಿಕೆಯನ್ನು ಕುಲುಮೆ ಪೂರ್ಣ ತಣಿದ ಮೇಲೆ ಹೊರತೆಗೆದು, ಮೇಲಿನ ಗಟ್ಟಿಯನ್ನೂ ಕ್ವಾರ್ಟ್ಸ್ ಉಣ್ಣೆಯನ್ನೂ ಉದ್ದನೆಯ ಕೊಕ್ಕೆಯಿಂದ ಮೆಲ್ಲನೆ ಎತ್ತಬೇಕು. ಕರಗಿ ಗೋಡೆಗೆ ಅಂಟಿಕೊಂಡ ಗಟ್ಟಿಯನ್ನು ಬಲವಂತವಾಗಿ ಕೆರೆಯುವುದಕ್ಕಿಂತ ನಳಿಕೆಯನ್ನೇ ಬದಲಿಸುವುದು ಲೇಸು. ಬೆರಳ ಗುರುತಿನ ಲವಣವೂ ಕ್ವಾರ್ಟ್ಸನ್ನು ಬಿಳಿಚಿಸುತ್ತದೆ. ಆದ್ದರಿಂದ ಕೈಗವಸು ಅಗತ್ಯ.

ಉತ್ಕರ್ಷಕವಾಗಿ ಕ್ರೋಮಿಯಂ ಆಕ್ಸೈಡ್ ಬಳಸಿದ ನಳಿಕೆಗಳಲ್ಲಿ ಕ್ಯಾನ್ಸರ್‌ಕಾರಕವಾದ ಆರು ವೇಲೆನ್ಸಿಯ ಕ್ರೋಮಿಯಂ ಇರುವ ಸಾಧ್ಯತೆಯುಂಟು. ಇವುಗಳ ಪುಡಿಯನ್ನು ಧೂಮ ಕಪಾಟಿನೊಳಗೆ, ಉಸಿರಾಟದ ರಕ್ಷಣೆಯೊಡನೆ ನಿರ್ವಹಿಸಿ, ಅಪಾಯಕಾರಿ ತ್ಯಾಜ್ಯವಾಗಿ ವಿಲೇವಾರಿ ಮಾಡಬೇಕಾಗುತ್ತದೆ.

ಮರುಜೋಡಣೆಯ ಬಳಿಕ ಅನಿಲ ಸೋರಿಕೆಯನ್ನು ಪರೀಕ್ಷಿಸಿ, ಖಾಲಿ ಕ್ಯಾಪ್ಸೂಲುಗಳನ್ನು ಉರಿಸಿ, ಅನಂತರ ಅಸಿಟನಿಲೈಡಿನಂಥ ಪ್ರಮಾಣವಸ್ತುವನ್ನು ಓಡಿಸಲಾಗುತ್ತದೆ. ಅದರ ಸೈದ್ಧಾಂತಿಕ ಮೌಲ್ಯಗಳು ಇಂಗಾಲ ಶೇ. 71.09, ಜಲಜನಕ ಶೇ. 6.71 ಮತ್ತು ಸಾರಜನಕ ಶೇ. 10.36.